ಕೆರೆಯಂಗಳದ ಊರು, ಸೀಟಿನಡಿಯ ಕಿಲುಬು

ಚೆನ್ನೈನ ಟಿ. ನಗರದಲ್ಲಿ ಕಾರಿನ ಪವರ್ ಸೀಟು ಕೆಟ್ಟರೆ, ಸ್ಕ್ಯಾನರ್ ಚುಚ್ಚುವ ಮೊದಲು ಸೀಟಿನಡಿಯ ಕಾರ್ಪೆಟ್ ಎತ್ತಿ ನೋಡಬೇಕು. ಕಾರಣ ಊರಿನ ಚರಿತ್ರೆಯಲ್ಲಿದೆ. ಮೌಂಟ್ ರೋಡಿನ ಪಶ್ಚಿಮಕ್ಕಿದ್ದ ಉದ್ದನೆಯ ಕೆರೆಯ ಮಾಂಬಲಂ ಭಾಗವನ್ನು 1920ರ ದಶಕದಲ್ಲಿ ಬರಿದುಮಾಡಿ ಈ ಬಡಾವಣೆ ಕಟ್ಟಿದರು. ಅದಕ್ಕೆ ಜಸ್ಟಿಸ್ ಪಕ್ಷದ ನಾಯಕ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರಿಟ್ಟರು. ಕೆರೆ ಹೋಯಿತು, ತಗ್ಗು ಉಳಿಯಿತು. ಹಿಂಗಾರು ಬಲವಾದಾಗ ನೀರು ತನ್ನ ಹಳೆಯ ಜಾಗಕ್ಕೇ ಬರುತ್ತದೆ. 2021ರ ನವೆಂಬರಿನಲ್ಲಿ ಇಲ್ಲಿನ ಬೀದಿಗಳು ದಿನಗಟ್ಟಲೆ ನೀರಲ್ಲಿ ನಿಂತಿದ್ದವು.

ಮದರಾಸಿಗೆ ಮೋಟಾರು ಹೊಸದೇನಲ್ಲ. ಮೌಂಟ್ ರೋಡಿನ ಸಿಂಪ್ಸನ್ ಕಂಪನಿ 1903ರಲ್ಲೇ ಉಗಿ ಕಾರು ಕಟ್ಟಿತ್ತು. 1960ರ ದಶಕದ ಆರಂಭದಲ್ಲಿ ಲೂಕಾಸ್-ಟಿವಿಎಸ್ ಪಾಡಿಯಲ್ಲಿ ವಾಹನಗಳ ವಿದ್ಯುತ್ ಭಾಗಗಳನ್ನು ತಯಾರಿಸತೊಡಗಿತು. ಆ ಕಾಲದ ಕಾರಿನಲ್ಲಿ ಡೈನಮೊ, ಬ್ಯಾಟರಿ, ಹಾರ್ನ್ ಬಹುಪಾಲು ಬಾನೆಟ್ಟಿನ ಕೆಳಗಿದ್ದವು. ಅಂಬಾಸಡರ್ ಸೀಟನ್ನು ಕೈಯಿಂದಲೇ ಸರಿಸಬೇಕಿತ್ತು. ಒಳಗೆ ನೀರು ನುಗ್ಗಿದರೆ ಕುಶನ್ ಬಿಸಿಲಿಗೆ ಹಾಕಿದರೆ ಮುಗಿಯಿತು. 1998ರಲ್ಲಿ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಕಾರ್ಖಾನೆಯಿಂದ ಸ್ಯಾಂಟ್ರೊ ಕಾರು ಹೊರಬಂದ ಮೇಲಿನ ವರ್ಷಗಳಲ್ಲಿ ಕಾರಿನೊಳಗೆ ಎಲೆಕ್ಟ್ರಾನಿಕ್ಸ್ ಹೆಚ್ಚುತ್ತಾ ಹೋಯಿತು. ಪವರ್ ಸೀಟಿನ ನಿಯಂತ್ರಣ ಮಾಡ್ಯೂಲ್, ಮೋಟಾರು, ಕನೆಕ್ಟರುಗಳು ಕೂತದ್ದು ನೀರು ಮೊದಲು ನಿಲ್ಲುವ ತಳದ ಹತ್ತಿರ. ನೀರು ಇಳಿದ ಮೇಲೂ ಪಿನ್ನುಗಳಲ್ಲಿ ಹಸಿರು ಕಿಲುಬು ಬೆಳೆಯುತ್ತದೆ. ಸೀಟು ತಿಂಗಳುಗಳ ಬಳಿಕ ಕೈಕೊಡಬಹುದು.

ಈಗಿನ ಮಾಡ್ಯೂಲ್ ಡೇಟಾ ತಂತಿಗಳ ಮೂಲಕ ಮಾತಾಡುತ್ತದೆ, ಹಳೆಯ ಎಲೆಕ್ಟ್ರಿಷಿಯನ್ನರ ವಿದ್ಯೆ ಇಲ್ಲಿ ನಡೆಯದು ಎನ್ನುವವರಿದ್ದಾರೆ. ಅರ್ಧ ನಿಜ. ಡೇಟಾ ತಂತಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ತಾಗಿಸಿದರೆ ಮಾಡ್ಯೂಲೇ ಸುಡಬಹುದು. ಆದರೆ ಸ್ಕ್ಯಾನರ್ ಯಾವ ಸರ್ಕ್ಯೂಟಿನಲ್ಲಿ ತೊಂದರೆ ಎನ್ನುತ್ತದೆ, ಯಾವ ಪಿನ್ನಿನಲ್ಲಿ ಎನ್ನುವುದಿಲ್ಲ. ಫ್ಯೂಸ್, ಕರೆಂಟು, ಅರ್ಥ್ ಎಂಬ ಹಳೆಯ ಕ್ರಮ ಇಂದಿಗೂ ಸರಿ. ಉಪಕರಣ ಮಾತ್ರ ಮಲ್ಟಿಮೀಟರ್ ಆಗಿದೆ. ಸೀಟಿನ ಮೋಟಾರು ಓಡಿಸುತ್ತಾ ಮಾಡ್ಯೂಲಿನ ಅರ್ಥ್ ಪಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆಯಬೇಕು. 0.2 ವೋಲ್ಟಿಗಿಂತ ಸಾಕಷ್ಟು ಹೆಚ್ಚು ಕಂಡರೆ ಅರ್ಥ್ ತಂತಿಯ ಮೇಲೇ ಅನುಮಾನ. ಕನೆಕ್ಟರ್ ಕಳಚುವ ಮುನ್ನ ಬ್ಯಾಟರಿ ಬಿಚ್ಚಿ ಕೆಲವು ನಿಮಿಷ ಕಾಯಬೇಕು; ಏರ್‌ಬ್ಯಾಗ್ ತಂತಿಯೂ ಅಲ್ಲೇ ಇರುತ್ತದೆ.

ನೀರು ಕಾಣದ ಕಾರಿನ ಸೀಟೂ ಕೆಡುತ್ತದಲ್ಲ? ಕೆಡುತ್ತದೆ: ಹಳಿಗೆ ನಾಣ್ಯ ಸಿಕ್ಕಿ ಮೋಟಾರು ಬಿಗಿಯುತ್ತದೆ, ಸ್ವಿಚ್ ಸವೆಯುತ್ತದೆ, ರಿಲೇ ಸುಡುತ್ತದೆ. ಆದರೂ ಕಿಲುಬು ಹಿಡಿದ ಅರ್ಥ್ ಮೇಲೆ ಹೊಸ ಮಾಡ್ಯೂಲ್ ಕೂರಿಸುವುದು ದುಡ್ಡು ದಂಡ. ಬದಲಿಸಲು ಒಪ್ಪುವ ಮುನ್ನ ಅರ್ಥ್ ಎಷ್ಟು ವೋಲ್ಟ್ ತೋರಿಸಿತೆಂದು ಗ್ಯಾರೇಜಿನವರನ್ನು ಕೇಳಿ.