ವಾನ್‌ಲೆಸ್ ವರದಿ (2002)

ವಾನ್‌ಲೆಸ್ ವರದಿ ಎಂಬುದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೆ (ಎನ್‌ಎಚ್‌ಎಸ್) ಮುಂದಿನ 20 ವರ್ಷಗಳಲ್ಲಿ ಎಷ್ಟು ಹಣ ಮತ್ತು ಇತರ ಸಂಪನ್ಮೂಲಗಳು ಬೇಕಾಗುತ್ತವೆ ಎಂಬುದನ್ನು ಅಂದಾಜು ಮಾಡಿದ ಅಧ್ಯಯನ. ನ್ಯಾಟ್‌ವೆಸ್ಟ್ ಬ್ಯಾಂಕಿನ ಮಾಜಿ ಮುಖ್ಯಾಧಿಕಾರಿ ಡೆರೆಕ್ ವಾನ್‌ಲೆಸ್ ಇದನ್ನು ಸಿದ್ಧಪಡಿಸಿದರು. 2002ರ ಏಪ್ರಿಲ್‌ನಲ್ಲಿ ಪ್ರಕಟವಾದ ಈ ವರದಿಯ ಪೂರ್ಣ ಹೆಸರು ‘ಸೆಕ್ಯೂರಿಂಗ್ ಅವರ್ ಫ್ಯೂಚರ್ ಹೆಲ್ತ್: ಟೇಕಿಂಗ್ ಎ ಲಾಂಗ್-ಟರ್ಮ್ ವ್ಯೂ’. ಆರೋಗ್ಯ ಸೇವೆಯ ದೀರ್ಘಾವಧಿ ಅಗತ್ಯಗಳ ಲೆಕ್ಕವನ್ನು ಸರ್ಕಾರವೇ ಕೇಳಿ ಮಾಡಿಸಿದ್ದು ಎನ್‌ಎಚ್‌ಎಸ್‌ನ ಇತಿಹಾಸದಲ್ಲಿ ಇದೇ ಮೊದಲು. ಜನರು ತಮ್ಮ ಆರೋಗ್ಯದ ಬಗ್ಗೆ ಎಷ್ಟು ಕಾಳಜಿ ವಹಿಸುತ್ತಾರೆ ಹಾಗೂ ಸೇವೆ ಎಷ್ಟು ದಕ್ಷವಾಗಿ ನಡೆಯುತ್ತದೆ ಎಂಬುದರ ಮೇಲೆ ಮುಂದಿನ ವೆಚ್ಚ ನಿಂತಿದೆ ಎಂಬುದು ವರದಿಯ ಮುಖ್ಯ ನಿಲುವು.

ಹಿನ್ನೆಲೆ

ರಾಷ್ಟ್ರೀಯ ಆರೋಗ್ಯ ಸೇವೆಯು 1948ರ ಜುಲೈ 5ರಂದು ಆರಂಭವಾಯಿತು. ಚಿಕಿತ್ಸೆಯ ಸಮಯದಲ್ಲಿ ರೋಗಿಯಿಂದ ಹಣ ಪಡೆಯದೆ, ಮುಖ್ಯವಾಗಿ ತೆರಿಗೆಯ ಹಣದಿಂದ ಸೇವೆ ಒದಗಿಸುವುದು ಇದರ ಮೂಲತತ್ತ್ವ. ಇದರ ವೆಚ್ಚವನ್ನು ಮುಂಗಂಡು ಹೇಳುವುದು ಆರಂಭದಿಂದಲೂ ಕಷ್ಟವಾಗಿತ್ತು. 1942ರ ಬೆವರಿಜ್ ವರದಿಯು ವಾರ್ಷಿಕ ವೆಚ್ಚವನ್ನು 17 ಕೋಟಿ ಪೌಂಡ್ ಎಂದು ಎಣಿಸಿ, ಜನರ ಆರೋಗ್ಯ ಸುಧಾರಿಸಿದಂತೆ ಚಿಕಿತ್ಸೆಯ ಬೇಡಿಕೆಯೂ ಹತೋಟಿಯಲ್ಲಿರುವುದರಿಂದ ಅದು 1965ರವರೆಗೂ ಹೆಚ್ಚುವುದಿಲ್ಲವೆಂದು ಭಾವಿಸಿತ್ತು. ವಾಸ್ತವದಲ್ಲಿ ಸೇವೆ ಆರಂಭವಾದ ಕೂಡಲೇ ವೆಚ್ಚ ಅಂದಾಜನ್ನು ಮೀರಿತು. ಕೃತಕ ದಂತಪಂಕ್ತಿ ಮತ್ತು ಕನ್ನಡಕಗಳಿಗೆ ಶುಲ್ಕ ವಿಧಿಸುವ ನಿರ್ಧಾರವನ್ನು ವಿರೋಧಿಸಿ, ಸೇವೆಯ ಶಿಲ್ಪಿಯೆನಿಸಿದ ಅನ್ಯೂರಿನ್ ಬೆವನ್ 1951ರಲ್ಲಿ ಸಚಿವ ಸಂಪುಟಕ್ಕೆ ರಾಜೀನಾಮೆ ನೀಡಿದರು. ವೆಚ್ಚವನ್ನು ಪರಿಶೀಲಿಸಲು ನೇಮಕವಾದ ಗಿಲ್ಬೋ ಸಮಿತಿಯು 1956ರಲ್ಲಿ ಬೇರೆಯೇ ಚಿತ್ರ ನೀಡಿತು. ರಾಷ್ಟ್ರೀಯ ಉತ್ಪನ್ನದಲ್ಲಿ ಆರೋಗ್ಯ ಸೇವೆಯ ಪಾಲು 1949–50ರಲ್ಲಿದ್ದ ಶೇ. 3.75ರಿಂದ 1953–54ರ ವೇಳೆಗೆ ಶೇ. 3.25ಕ್ಕೆ ಇಳಿದಿತ್ತು.

ಮುಂದಿನ ದಶಕಗಳಲ್ಲಿ ಬ್ರಿಟನ್ ಆರೋಗ್ಯಕ್ಕೆ ಮಾಡುತ್ತಿದ್ದ ವೆಚ್ಚವು ಪಶ್ಚಿಮ ಯೂರೋಪಿನ ಇತರ ದೇಶಗಳಿಗಿಂತ ಕಡಿಮೆಯಾಗಿಯೇ ಉಳಿಯಿತು. 1972ರಿಂದ 1998ರವರೆಗೆ ಯೂರೋಪಿಯನ್ ಒಕ್ಕೂಟದ ಸರಾಸರಿಗೆ ಹೋಲಿಸಿದರೆ ಸಂಚಿತ ಕೊರತೆಯು 20,000 ಕೋಟಿ ಪೌಂಡ್‌ಗಳನ್ನು ಮೀರಿತ್ತೆಂದು ವಾನ್‌ಲೆಸ್ ಲೆಕ್ಕ ಹಾಕಿದರು. ಶಸ್ತ್ರಚಿಕಿತ್ಸೆಗಾಗಿ ದೀರ್ಘ ನಿರೀಕ್ಷೆ, ವೈದ್ಯರು ಹಾಗೂ ದಾದಿಯರ ಕೊರತೆ ಮತ್ತು ಹಳೆಯ ಕಟ್ಟಡಗಳು ಇದರ ಪರಿಣಾಮಗಳಾಗಿದ್ದವು. ಪ್ರಧಾನಿ ಟೋನಿ ಬ್ಲೇರ್ 2000ದ ಜನವರಿಯಲ್ಲಿ ಆರೋಗ್ಯ ವೆಚ್ಚವನ್ನು ಯೂರೋಪಿನ ಸರಾಸರಿ ಮಟ್ಟಕ್ಕೆ ಏರಿಸುವ ಗುರಿಯನ್ನು ಪ್ರಕಟಿಸಿದರು. 2001ರ ಮಾರ್ಚ್‌ನಲ್ಲಿ ಹಣಕಾಸು ಸಚಿವ ಗಾರ್ಡನ್ ಬ್ರೌನ್ ಈ ಅಧ್ಯಯನವನ್ನು ವಾನ್‌ಲೆಸ್‌ಗೆ ವಹಿಸಿದರು. ಮಧ್ಯಂತರ ವರದಿಯು ಅದೇ ವರ್ಷದ ನವೆಂಬರ್‌ನಲ್ಲಿ ಹೊರಬಂದಿತು.

ಅಂದಾಜಿನ ವಿಧಾನ

ವರದಿಯು ಮೊದಲು 2022ರಲ್ಲಿ ರೋಗಿಗಳು ಎಂತಹ ಸೇವೆಯನ್ನು ನಿರೀಕ್ಷಿಸುತ್ತಾರೆ ಎಂಬುದನ್ನು ಗುರುತಿಸಿ, ಅಲ್ಲಿಗೆ ತಲುಪಲು ತಗಲುವ ವೆಚ್ಚವನ್ನು ಲೆಕ್ಕ ಹಾಕಿತು. ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ, ಮಾನಸಿಕ ಆರೋಗ್ಯ ಮತ್ತು ಮಧುಮೇಹ ಎಂಬ ಐದು ಕ್ಷೇತ್ರಗಳ ಚಿಕಿತ್ಸಾ ಗುಣಮಟ್ಟವನ್ನು ವಿವರವಾಗಿ ಪರಿಶೀಲಿಸಿ, ಆ ಲೆಕ್ಕವನ್ನು ಇತರ ಕಾಯಿಲೆಗಳಿಗೂ ವಿಸ್ತರಿಸಲಾಯಿತು. ನಿರೀಕ್ಷೆಯ ಅವಧಿಯನ್ನು ತಗ್ಗಿಸುವುದು, ಹೊಸ ಔಷಧ ಮತ್ತು ತಂತ್ರಜ್ಞಾನ, ಸಿಬ್ಬಂದಿಯ ವೇತನ, ಕಟ್ಟಡಗಳ ನವೀಕರಣ, ಉತ್ಪಾದಕತೆ ಹಾಗೂ ಜನಸಂಖ್ಯೆಯ ಬದಲಾವಣೆಗಳನ್ನು ಬೇರೆಬೇರೆಯಾಗಿ ಎಣಿಸಲಾಯಿತು.

ವೃದ್ಧರ ಸಂಖ್ಯೆ ಹೆಚ್ಚುವುದೇ ವೆಚ್ಚದ ಏರಿಕೆಗೆ ಮುಖ್ಯ ಕಾರಣ ಎಂಬ ಸಾಮಾನ್ಯ ನಂಬಿಕೆಯನ್ನು ಈ ಲೆಕ್ಕ ಸಮರ್ಥಿಸಲಿಲ್ಲ. ಉಳಿದ ಅಂಶಗಳಿಗೆ ಹೋಲಿಸಿದರೆ ಜನಸಂಖ್ಯೆಯ ಬದಲಾವಣೆಯಿಂದಾಗುವ ಹೊರೆ ಕಡಿಮೆಯೆಂದು ಕಂಡುಬಂದಿತು.

ಮೂರು ಸನ್ನಿವೇಶಗಳು

ಭವಿಷ್ಯವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಬದಲು ವರದಿಯು ಮೂರು ಸನ್ನಿವೇಶಗಳನ್ನು ಮುಂದಿಟ್ಟಿತು. 2002–03ರಲ್ಲಿ ಎನ್‌ಎಚ್‌ಎಸ್ ವೆಚ್ಚ ಸುಮಾರು 6,800 ಕೋಟಿ ಪೌಂಡ್ ಆಗಿತ್ತು. ಅದೇ ವರ್ಷದ ಬೆಲೆಗಳಲ್ಲಿ 2022–23ರ ಅಂದಾಜು ಹೀಗಿದೆ:

• ನಿಧಾನಗತಿ: ಜನರ ಜೀವನಶೈಲಿಯಲ್ಲಿ ಸುಧಾರಣೆಯಿಲ್ಲ, ಸೇವೆಯು ತಂತ್ರಜ್ಞಾನವನ್ನು ತಡವಾಗಿ ಅಳವಡಿಸಿಕೊಳ್ಳುತ್ತದೆ, ಉತ್ಪಾದಕತೆ ಕಡಿಮೆ. ವೆಚ್ಚ 18,400 ಕೋಟಿ ಪೌಂಡ್.
• ದೃಢ ಪ್ರಗತಿ: ಸರ್ಕಾರದ ಆರೋಗ್ಯ ಗುರಿಗಳು ಈಡೇರುತ್ತವೆ, ಜನರ ವಿಶ್ವಾಸ ಮತ್ತು ಸೇವೆಯ ದಕ್ಷತೆ ಹೆಚ್ಚುತ್ತದೆ. ವೆಚ್ಚ 16,100 ಕೋಟಿ ಪೌಂಡ್.
• ಪೂರ್ಣ ಪಾಲ್ಗೊಳ್ಳುವಿಕೆ: ಜನರು ತಮ್ಮ ಆರೋಗ್ಯದ ಹೊಣೆಯನ್ನು ತಾವೂ ಹೊರುತ್ತಾರೆ, ಆರೋಗ್ಯಮಟ್ಟ ಗಣನೀಯವಾಗಿ ಏರುತ್ತದೆ, ಸೇವೆಯು ಹೊಸ ತಂತ್ರಜ್ಞಾನಕ್ಕೆ ಬೇಗ ಹೊಂದಿಕೊಳ್ಳುತ್ತದೆ. ವೆಚ್ಚ 15,400 ಕೋಟಿ ಪೌಂಡ್.

ಅತ್ಯಂತ ದುಬಾರಿ ಮತ್ತು ಅತ್ಯಂತ ಅಗ್ಗದ ಸನ್ನಿವೇಶಗಳ ನಡುವಣ ಅಂತರ ವರ್ಷಕ್ಕೆ 3,000 ಕೋಟಿ ಪೌಂಡ್, ಅಂದರೆ ವರದಿ ಪ್ರಕಟವಾದಾಗಿನ ಒಟ್ಟು ಎನ್‌ಎಚ್‌ಎಸ್ ವೆಚ್ಚದ ಅರ್ಧಕ್ಕೆ ಸಮೀಪ. ಜನರು ಹೆಚ್ಚು ಕಾಲ ಬದುಕುವ ಮೂರನೆಯ ಸನ್ನಿವೇಶವೇ ಎಲ್ಲಕ್ಕಿಂತ ಕಡಿಮೆ ವೆಚ್ಚದ್ದು ಎಂಬುದು ಗಮನಾರ್ಹ. ಖಾಸಗಿ ವೆಚ್ಚವನ್ನೂ ಸೇರಿಸಿದರೆ, ಒಟ್ಟು ಆಂತರಿಕ ಉತ್ಪನ್ನದಲ್ಲಿ (ಜಿಡಿಪಿ) ಆರೋಗ್ಯದ ಪಾಲು ಶೇ. 7.7ರಿಂದ ಶೇ. 10.6–12.5ಕ್ಕೆ ಏರಬಹುದೆಂದು ಅಂದಾಜಿಸಲಾಯಿತು.

ಶಿಫಾರಸುಗಳು

ಹಿಂದಿನ ಕೊರತೆಯನ್ನು ತುಂಬಲು ಮೊದಲ ಐದು ವರ್ಷಗಳಲ್ಲಿ ವೆಚ್ಚವನ್ನು ನೈಜ ಬೆಲೆಗಳಲ್ಲಿ ವರ್ಷಕ್ಕೆ ಶೇ. 7.1–7.3ರಷ್ಟು ಹೆಚ್ಚಿಸಿ, ನಂತರ ಏರಿಕೆಯ ವೇಗವನ್ನು ಕ್ರಮೇಣ ತಗ್ಗಿಸಬೇಕೆಂದು ವರದಿ ಸೂಚಿಸಿತು. ಇದಕ್ಕಿಂತ ವೇಗವಾಗಿ ಹಣ ಸುರಿಯುವುದು ವಿವೇಕವಲ್ಲ ಎಂದೂ ಎಚ್ಚರಿಸಿತು. ವೈದ್ಯರನ್ನು ತರಬೇತುಗೊಳಿಸಲು ವರ್ಷಗಳೇ ಬೇಕಾಗುವುದರಿಂದ, ಸಿಬ್ಬಂದಿಯ ಕೊರತೆಯಿರುವಾಗ ಹೆಚ್ಚುವರಿ ಹಣವು ಸೇವೆಯಾಗಿ ಮಾರ್ಪಡದೆ ಬೆಲೆ ಮತ್ತು ವೇತನಗಳಲ್ಲಿ ಕರಗಿಹೋಗುವ ಅಪಾಯವಿತ್ತು. ಮಾಹಿತಿ ತಂತ್ರಜ್ಞಾನದ ವೆಚ್ಚವನ್ನು ಇಮ್ಮಡಿಗೊಳಿಸಿ ಅದನ್ನು ಬೇರೆ ಕೆಲಸಕ್ಕೆ ಬಳಸದಂತೆ ಮೀಸಲಿಡುವುದು, ವೆಚ್ಚದ ಮೇಲೆ ಸ್ವತಂತ್ರ ಲೆಕ್ಕಪರಿಶೋಧನೆ ನಡೆಸುವುದು ಮತ್ತು ಐದು ವರ್ಷಗಳ ನಂತರ ಅಂದಾಜುಗಳನ್ನು ಮರುಪರಿಶೀಲಿಸುವುದು ಇತರ ಶಿಫಾರಸುಗಳು. ಸೇವೆಗೆ ಹಣ ಒದಗಿಸಲು ಸಾಮಾನ್ಯ ತೆರಿಗೆಯೇ ನ್ಯಾಯಸಮ್ಮತ ಮತ್ತು ದಕ್ಷ ಮಾರ್ಗವೆಂಬ ನಿಲುವನ್ನು ವರದಿ ಎತ್ತಿಹಿಡಿಯಿತು.

ಅನುಷ್ಠಾನ

2002ರ ಏಪ್ರಿಲ್ 17ರ ಆಯವ್ಯಯದಲ್ಲಿ ಬ್ರೌನ್ ಐದು ವರ್ಷಗಳ ಕಾಲ ಎನ್‌ಎಚ್‌ಎಸ್ ವೆಚ್ಚವನ್ನು ನೈಜ ಬೆಲೆಗಳಲ್ಲಿ ವರ್ಷಕ್ಕೆ ಸರಾಸರಿ ಶೇ. 7.4ರಷ್ಟು ಹೆಚ್ಚಿಸುವುದಾಗಿ ಘೋಷಿಸಿದರು. ಇದಕ್ಕಾಗಿ ರಾಷ್ಟ್ರೀಯ ವಿಮಾ ವಂತಿಗೆಯನ್ನು ಶೇ. 1ರಷ್ಟು ಏರಿಸಲಾಯಿತು. ಸಿಬ್ಬಂದಿಯ ಕೊರತೆಯನ್ನು ನೀಗಿಸಲು ತರಬೇತಿಯ ಜೊತೆಗೆ ಭಾರತವೂ ಸೇರಿದಂತೆ ಹೊರದೇಶಗಳಿಂದ ವೈದ್ಯರು ಮತ್ತು ದಾದಿಯರ ನೇಮಕ ನಡೆಯಿತು. ರೋಗ ತಡೆಗಟ್ಟುವಿಕೆಯನ್ನು ಕುರಿತ ವಾನ್‌ಲೆಸ್ ಅವರ ಎರಡನೆಯ ವರದಿಯು 2004ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಧೂಮಪಾನ, ಬೊಜ್ಜು ಮತ್ತು ಆರೋಗ್ಯದಲ್ಲಿನ ಸಾಮಾಜಿಕ ಅಸಮಾನತೆ ಅದರ ಮುಖ್ಯ ವಿಷಯಗಳು.

2007ರ ಮರುಪರಿಶೀಲನೆ

ಐದು ವರ್ಷಗಳ ನಂತರದ ಮರುಪರಿಶೀಲನೆಯನ್ನು ಸರ್ಕಾರದ ಬದಲು ಕಿಂಗ್ಸ್ ಫಂಡ್ ಎಂಬ ಸ್ವತಂತ್ರ ಸಂಸ್ಥೆಗಾಗಿ ವಾನ್‌ಲೆಸ್ ಮತ್ತು ಸಹ ಅಧ್ಯಯನಕಾರರು ನಡೆಸಿದರು. ಹಣವು ಬಹುಮಟ್ಟಿಗೆ ಶಿಫಾರಸಿನಂತೆಯೇ ಬಂದಿತ್ತು, ಸಿಬ್ಬಂದಿ ಹೆಚ್ಚಿದ್ದರು, ನಿರೀಕ್ಷೆಯ ಅವಧಿ ಇಳಿದಿತ್ತು. ಆದರೆ ಹೆಚ್ಚುವರಿ ಹಣದ ಸುಮಾರು ಶೇ. 43ರಷ್ಟು ಭಾಗವು ವೇತನ ಮತ್ತು ಬೆಲೆಗಳ ಏರಿಕೆಗೇ ಹೋಗಿತ್ತು. ಉತ್ಪಾದಕತೆಯು ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ. ಧೂಮಪಾನ ಇಳಿಮುಖವಾಗಿದ್ದರೂ ಬೊಜ್ಜಿನ ಸಮಸ್ಯೆ ಉಲ್ಬಣಿಸಿತ್ತು. ದೇಶವು ಪೂರ್ಣ ಪಾಲ್ಗೊಳ್ಳುವಿಕೆಯ ಹಾದಿಯಲ್ಲಿಲ್ಲ, ಹೀಗೇ ಮುಂದುವರಿದರೆ ಸೇವೆಯ ವೆಚ್ಚ ದುಬಾರಿಯಾಗಲಿದೆ ಎಂಬುದು ಈ ಮರುಪರಿಶೀಲನೆಯ ತೀರ್ಮಾನವಾಗಿತ್ತು.

ಟೀಕೆ

ಬ್ರಿಟನ್ನಿನ ವಿರೋಧ ಪಕ್ಷದವರೂ ಕೆಲವು ಅರ್ಥಶಾಸ್ತ್ರಜ್ಞರೂ ಸಾಮಾಜಿಕ ವಿಮೆಯಂತಹ ಪರ್ಯಾಯ ಹಣಕಾಸು ವ್ಯವಸ್ಥೆಗಳನ್ನು ವರದಿಯು ಸಾಕಷ್ಟು ಪರಿಶೀಲಿಸಲಿಲ್ಲವೆಂದು ಟೀಕಿಸಿದರು. ವೃದ್ಧರ ಹಾಗೂ ಅಂಗವಿಕಲರ ಸಾಮಾಜಿಕ ಆರೈಕೆಯನ್ನು ಆರೋಗ್ಯದಷ್ಟೇ ಆಳವಾಗಿ ಲೆಕ್ಕ ಹಾಕದಿದ್ದುದು ಮತ್ತೊಂದು ಮಿತಿ. ಮನೆಯಲ್ಲಿ ಆರೈಕೆ ಸಿಗದ ವೃದ್ಧರು ಚಿಕಿತ್ಸೆ ಮುಗಿದ ಮೇಲೂ ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿಯುವುದರಿಂದ ಈ ಎರಡನ್ನೂ ಬೇರ್ಪಡಿಸಿ ಎಣಿಸುವುದು ಕಷ್ಟ. ವೃದ್ಧರ ಆರೈಕೆಯ ಕುರಿತು ವಾನ್‌ಲೆಸ್ 2006ರಲ್ಲಿ ಕಿಂಗ್ಸ್ ಫಂಡ್‌ಗಾಗಿ ಪ್ರತ್ಯೇಕ ವರದಿ ಸಿದ್ಧಪಡಿಸಿದರು.

ನಂತರದ ಪ್ರಭಾವ

2010ರ ನಂತರ ಸರ್ಕಾರದ ಮಿತವ್ಯಯ ನೀತಿಯಿಂದಾಗಿ ಎನ್‌ಎಚ್‌ಎಸ್ ವೆಚ್ಚದ ಏರಿಕೆಯು ಅದರ ಐತಿಹಾಸಿಕ ಸರಾಸರಿಗಿಂತ ಬಹಳ ಕೆಳಗಿಳಿಯಿತು. ಇಂಗ್ಲೆಂಡಿನ ಎನ್‌ಎಚ್‌ಎಸ್ 2014ರಲ್ಲಿ ಪ್ರಕಟಿಸಿದ ಐದು ವರ್ಷಗಳ ಮುನ್ನೋಟವು ವಾನ್‌ಲೆಸ್ ಅವರನ್ನು ಹೆಸರಿಸಿ, ರೋಗ ತಡೆಗಟ್ಟುವಿಕೆಯ ಬಗ್ಗೆ ಅವರು ನೀಡಿದ್ದ ಎಚ್ಚರಿಕೆಗೆ ದೇಶ ಕಿವಿಗೊಡಲಿಲ್ಲವೆಂದು ಒಪ್ಪಿಕೊಂಡಿತು. 2019ರ ದೀರ್ಘಾವಧಿ ಯೋಜನೆ ಮತ್ತು 2025ರ ಹತ್ತು ವರ್ಷಗಳ ಯೋಜನೆಗಳಲ್ಲಿಯೂ ತಡೆಗಟ್ಟುವಿಕೆಗೆ ಒತ್ತು ನೀಡಲಾಗಿದೆ. ವರದಿಯ ಅಂದಾಜಿನ ಕೊನೆಯ ವರ್ಷವಾದ 2022ರಲ್ಲಿ, ಕೋವಿಡ್-19 ಸಾಂಕ್ರಾಮಿಕದ ಬೆನ್ನಲ್ಲೇ, ಇಂಗ್ಲೆಂಡಿನ ಆಸ್ಪತ್ರೆಗಳ ನಿರೀಕ್ಷಾ ಪಟ್ಟಿಯು 70 ಲಕ್ಷವನ್ನು ದಾಟಿತು. ಡೆರೆಕ್ ವಾನ್‌ಲೆಸ್ 2012ರಲ್ಲಿ ನಿಧನರಾದರು.