ಆಯದ ಜೋಳ, ಅಂಗಡಿಯ ಕುರ್ಚಿ

ಹುಬ್ಬಳ್ಳಿ-ಧಾರವಾಡ ನಡುವಿನ ಸತ್ತೂರ ಇಂದು ಹೆಸರಿಗೆ ಮಾತ್ರ ಹಳ್ಳಿ. 1986ರಲ್ಲಿ ದಂತ ವೈದ್ಯಕೀಯ ಕಾಲೇಜು, 2003ರಲ್ಲಿ ವೈದ್ಯಕೀಯ ಕಾಲೇಜು ಬಂದ ಮೇಲೆ ಊರಿನ ಚಹರೆಯೇ ಬದಲಾಯಿತು. ಪರಊರಿನ ವಿದ್ಯಾರ್ಥಿಗಳು, ರೋಗಿಗಳ ಜತೆ ಬಂದವರು, ನೌಕರರು ಎಲ್ಲರೂ ಕ್ಷೌರಕ್ಕೆ ಅಂಗಡಿಯನ್ನೇ ಹುಡುಕುತ್ತಾರೆ. ಆದರೆ ಕ್ಷೌರಕ್ಕೊಂದು ಅಂಗಡಿ, ಅದಕ್ಕೊಬ್ಬ ಮಾಲೀಕ ಎಂಬುದು ಈ ಭಾಗದ ಹಳ್ಳಿಗಳ ಮಟ್ಟಿಗೆ ಬಹಳ ಹಳೆಯ ಸಂಗತಿಯೇನಲ್ಲ.

ಹಿಂದೆ ಕ್ಷೌರಿಕ ಊರಿನ ಆಯಗಾರರಲ್ಲಿ ಒಬ್ಬ. ಬಡಿಗ, ಕಂಬಾರ, ಅಗಸರ ಹಾಗೆ ಅವನಿಗೂ ದುಡಿದ ದಿನವೇ ಕೂಲಿ ಇರಲಿಲ್ಲ. ವರ್ಷವಿಡೀ ಮನೆ ಮನೆಗೆ ಹೋಗಿ ದಾಡಿ, ಕ್ಷೌರ ಮಾಡಿ, ಸುಗ್ಗಿಯಲ್ಲಿ ಕಣದಲ್ಲಿ ರಾಶಿಯಾದಾಗ ರೈತ ಕೊಟ್ಟಷ್ಟು ಜೋಳ ಒಯ್ಯಬೇಕು. ಮಗುವಿನ ಜವಳ, ಮದುವೆ, ಸಾವು ಯಾವುದೂ ಅವನಿಲ್ಲದೆ ಸಾಗುತ್ತಿರಲಿಲ್ಲ. ಕುರು ಕೊಯ್ಯುವವನೂ ಎಷ್ಟೋ ಕಡೆ ಅವನೇ. ಅವನ ಮನೆಯಾಕೆ ಸೂಲಗಿತ್ತಿ. ಇಷ್ಟು ಬೇಕಾದವನಾದರೂ ದರ ಹೇಳುವ ಹಕ್ಕು ಅವನಿಗಿರಲಿಲ್ಲ. ಮಳೆ ಕೈಕೊಟ್ಟರೆ ರೈತನಿಗಿಂತ ಮೊದಲು ಆಯಗಾರನ ಪಾಲು ಕರಗುತ್ತಿತ್ತು.

ಅವನ ಆಸ್ತಿ ಎಂದರೆ ಹಡಪ. ಕತ್ತಿ, ಕತ್ತರಿ, ಸಾಣೆಕಲ್ಲು ಇಡುವ ಚೀಲಕ್ಕೂ ಎಲೆಯಡಿಕೆಯ ಚೀಲಕ್ಕೂ ಕನ್ನಡದಲ್ಲಿ ಅದೊಂದೇ ಹೆಸರು. ಹನ್ನೆರಡನೆಯ ಶತಮಾನದ ಹಡಪದ ಅಪ್ಪಣ್ಣ ಬಸವಣ್ಣನವರ ಆಪ್ತರಾಗಿ ಎಲೆಯಡಿಕೆಯ ಹಡಪ ಹಿಡಿದವರೆಂದು ಪ್ರಸಿದ್ಧರು. ಉತ್ತರ ಕರ್ನಾಟಕದ ಹಡಪದ ಸಮಾಜ ಅವರನ್ನೇ ಮೂಲಪುರುಷರೆಂದು ಪೂಜಿಸುತ್ತದೆ. ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡ ಸಮಾಜದಲ್ಲಿ ಇಂಥ ಹಿರಿಯರ ನೆನಪು ಸಣ್ಣ ಆಸರೆಯೇನಲ್ಲ.

ಈ ಕಟ್ಟು ಸಡಿಲಿಸಿದ್ದು ನಗದು ಕೂಲಿ. ರೈಲ್ವೆ ಕಾರ್ಯಾಗಾರ, ಗಿರಣಿ, ಪೇಟೆಗಳಿದ್ದ ಹುಬ್ಬಳ್ಳಿಯಲ್ಲಿ ಜೋಳ ಅಳೆದು ಕೊಡುವವರು ಯಾರು? ಅಲ್ಲಿ ಕ್ಷೌರಕ್ಕೆ ಕಾಸು ಕೊಡುವುದೇ ರೂಢಿಯಾಯಿತು. ಕುರ್ಚಿ, ಕನ್ನಡಿ, ರೇಡಿಯೊ ಬಂದವು. ಪತ್ರಿಕೆ ಕೊಳ್ಳದವರೂ ಪತ್ರಿಕೆ ಓದುವ ಜಾಗ ಒಂದು ಸಿಕ್ಕಿತು. ಎಲ್ಲಕ್ಕಿಂತ ಮುಖ್ಯವಾಗಿ, ಗಿರಾಕಿಯ ಮನೆಯಂಗಳದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದವನು ತನ್ನ ಜಾಗದಲ್ಲಿ ನಿಂತು, ದರಪಟ್ಟಿ ತೂಗುಹಾಕಿದ. ಸ್ವಂತ ಉದ್ಯೋಗ ಎಂಬ ಮಾತಿಗೆ ಈ ಕಸುಬಿನಲ್ಲಿ ಅರ್ಥ ಬಂದದ್ದು ಆಗಲೇ.

ಅಂಗಡಿಯಾದ ಮೇಲೆ ಬಾಗಿಲು ಎಲ್ಲರಿಗೂ ತೆರೆದಿರಬೇಕು. ಸಂವಿಧಾನದ 15ನೇ ವಿಧಿ ಮತ್ತು 1955ರ ಅಸ್ಪೃಶ್ಯತೆ ವಿರುದ್ಧದ ಕಾಯ್ದೆ ಹೇಳುವುದೂ ಅದನ್ನೇ. ಹಳ್ಳಿಯಲ್ಲಿ ಮಾತ್ರ ಆಯದ ಕಾಲದ ಕಟ್ಟುಪಾಡು ಅಂಗಡಿಯೊಳಗೂ ಬಂದು ಕುಳಿತಿತು. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ಕ್ಷೌರಿಕನ ಕುಟುಂಬಕ್ಕೆ ಬಹಿಷ್ಕಾರ, 50 ಸಾವಿರ ರೂಪಾಯಿ ದಂಡ ವಿಧಿಸಿದ ವರದಿ ಬಂತು. 2024ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ ಕ್ಷೌರದಂಗಡಿಯ ಜಗಳದಲ್ಲಿ ದಲಿತ ಯುವಕನೊಬ್ಬ ಕೊಲೆಯಾದ. ಒಂದು ಕಡೆ ಕ್ಷೌರಿಕನೇ ಜಾತಿಯ ಬಲಿಪಶು, ಇನ್ನೊಂದು ಕಡೆ ಅದೇ ಜಾತಿಯ ಕಾವಲುಗಾರ. ಸತ್ತೂರದಂಥ ಊರುಗಳಲ್ಲಿ ಗಿರಾಕಿಯ ಗುರುತು ಕೇಳುವವರು ಕಡಿಮೆ; ದಾರಿಹೋಕರೇ ಹೆಚ್ಚಿರುವುದು ಅದಕ್ಕೊಂದು ಕಾರಣ.

ಸ್ವಂತ ಅಂಗಡಿ ಎಷ್ಟು ನಾಜೂಕಿನದು ಎಂಬುದನ್ನು 2020ರ ಲಾಕ್‌ಡೌನ್ ತೋರಿಸಿತು. ಮೈಮುಟ್ಟಿ ಮಾಡುವ ಕೆಲಸ. ಮನೆಯಿಂದ ಮಾಡಲು ಬರುವುದಿಲ್ಲ. ಸುಮಾರು 2.30 ಲಕ್ಷ ಕ್ಷೌರಿಕರಿಗೆ ತಲಾ 5,000 ರೂಪಾಯಿ ಒಂದು ಬಾರಿಯ ಪರಿಹಾರವನ್ನು ರಾಜ್ಯ ಸರ್ಕಾರ ಘೋಷಿಸಿತು. ಬಾಡಿಗೆ ಮಳಿಗೆಯವರಿಗೆ ಅದು ಎಷ್ಟು ದಿನಕ್ಕೆ ಸಾಕಾದೀತು? ಸ್ವಂತ ಮಳಿಗೆ ಇಲ್ಲದೆ ಬೇರೆಯವರ ಕುರ್ಚಿಯಲ್ಲಿ ದುಡಿದು ಗಳಿಕೆಯಲ್ಲಿ ಪಾಲು ಪಡೆಯುವವರ ಪಾಡು ಇನ್ನೂ ಕಷ್ಟ.

ಈಗ ನಗರಗಳಲ್ಲಿ ಹವಾನಿಯಂತ್ರಿತ ಸರಪಳಿ ಸಲೂನುಗಳು ಎದ್ದಿವೆ. ಅಲ್ಲಿ ಹಣ ಹೂಡುವವರು ಹಲವರು ಕತ್ತರಿ ಹಿಡಿದವರಲ್ಲ. ಕತ್ತರಿ ಹಿಡಿದವರು ಅಲ್ಲಿ ಸಂಬಳಗಾರರು. ಆಯದ ಕಾಲದಲ್ಲಿ ಹಡಪ ಕ್ಷೌರಿಕನದು, ಗಿರಾಕಿ ಊರಿನವನು. ಇಲ್ಲಿ ಹಡಪವೂ ಕಂಪನಿಯದು, ಗಿರಾಕಿಯೂ ಕಂಪನಿಯವನು. ಸವಿತಾ ಸಮಾಜದ ಸಂಘಟನೆಗಳು ಇದನ್ನು ವಿರೋಧಿಸಿದ್ದು ಸುಮ್ಮನೆ ಅಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಸೇರಿದೆ. ತರಬೇತಿ, 15,000 ರೂಪಾಯಿವರೆಗೆ ಉಪಕರಣದ ನೆರವು, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ರೂಪಾಯಿ ಸಾಲ. ಎರಡು ಕುರ್ಚಿ, ಒಂದು ಉದ್ದ ಕನ್ನಡಿಯ ಅಂಗಡಿಗೆ ಅಷ್ಟು ಸಾಕು. ಹೆದ್ದಾರಿ ಬದಿಯ ಮಳಿಗೆಯ ಡಿಪಾಜಿಟ್ಟನ್ನು ಮಾತ್ರ ಕ್ಷೌರಿಕ ಬೇರೆ ಕಡೆ ಹೊಂದಿಸಿಕೊಳ್ಳಬೇಕು.