ಮೇಜು, ಚೆಂಡು ಮತ್ತು ಸಂಶಯ: ಬಿಲಿಯರ್ಡ್ಸ್ ಹಾಗೂ ಪೂಲ್ ಆಟಗಳಲ್ಲಿ ಉಪಕರಣಶುದ್ಧಿಯ ಪ್ರಶ್ನೆ

ಆಟಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರ ಹೆಸರುಗಳನ್ನೂ ಅವರು ಗಳಿಸಿದ ಅಂಕಗಳನ್ನೂ ದಾಖಲಿಸಿ ತೃಪ್ತರಾಗುತ್ತಾರೆ. ಸೋತವರ ಮನಸ್ಸಿನಲ್ಲಿ ಉಳಿದುಹೋದ ಸಂಶಯಕ್ಕೆ ಅಂತಹ ಗ್ರಂಥಗಳಲ್ಲಿ ಎಡೆ ದೊರೆಯುವುದು ವಿರಳ. ಆದರೆ ಆಟದ ನಿಯಮಗಳು ಹುಟ್ಟಿ ಬೆಳೆದ ಬಗೆಯನ್ನು ಪರಿಶೀಲಿಸಿದರೆ, ಅವುಗಳಲ್ಲಿ ಹಲವಕ್ಕೆ ಈ ಸಂಶಯವೇ ಬೀಜವಾಯಿತೆಂಬುದು ಗೋಚರವಾಗುತ್ತದೆ. ವೃತ್ತಿಪರ ಪೂಲ್ ಆಟದಲ್ಲಿ ಉಪಕರಣಗಳ ಮೇಲೆ ಕೈಯಾಡಿಸಿ ಕೃತ್ರಿಮ ನಡೆಸುತ್ತಾರೆಂಬ ಆಪಾದನೆ ಬಹುಕಾಲದಿಂದ ಕೇಳಿಬರುತ್ತಿದೆ. ಈ ಆಪಾದನೆಯ ಹಿನ್ನೆಲೆಯೇನು, ಅದನ್ನು ನಿವಾರಿಸಲು ಕೈಗೊಂಡ ಕ್ರಮಗಳಾವುವು, ಅವುಗಳಿಂದ ಸಂಶಯ ತೀರಿತೇ ಎಂಬ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಬೆಂಗಳೂರಿನ ಪಂಕಜ್ ಅಡ್ವಾಣಿಯವರ ವಿಜಯಗಳಿಂದಾಗಿ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎಂಬ ಹೆಸರುಗಳು ಕನ್ನಡಿಗರಿಗೆ ಅಪರಿಚಿತವಾಗಿ ಉಳಿದಿಲ್ಲ. ಪೂಲ್ ಅದೇ ಮನೆತನಕ್ಕೆ ಸೇರಿದ, ಅಮೆರಿಕದಲ್ಲಿ ಬೆಳೆದ ಆಟ. ಬಟ್ಟೆ ಹೊದಿಸಿದ ಮೇಜು, ಅದರ ಅಂಚಿನಲ್ಲಿ ರಬ್ಬರಿನ ಕುಷನ್, ಮೂಲೆಗಳಲ್ಲಿಯೂ ಉದ್ದದ ಬದಿಗಳ ನಡುವೆಯೂ ಪಾಕೆಟ್ಟುಗಳು, ಚೆಂಡುಗಳು, ಅವುಗಳನ್ನು ಹೊಡೆಯುವ ಕ್ಯೂ ಎಂಬ ಕೋಲು: ಇಷ್ಟೇ ಇದರ ಸಾಮಗ್ರಿ. ಇವುಗಳಲ್ಲಿ ಆಟಗಾರನ ಸ್ವಂತದ್ದು ಕೋಲು ಮಾತ್ರ. ಮೇಜೂ ಚೆಂಡುಗಳೂ ಇಬ್ಬರಿಗೂ ಸಮಾನ. ಹೀಗಿರುವಲ್ಲಿ ಮೇಜು ಒಂದು ಕಡೆಗೆ ವಾಲಿದ್ದರೆ ನಷ್ಟ ಇಬ್ಬರಿಗೂ ಅಲ್ಲವೇ ಎಂದು ಕೇಳಬಹುದು. ಹಾಗಲ್ಲ. ವಾಲಿರುವುದು ಒಬ್ಬನಿಗೆ ತಿಳಿದಿದ್ದು ಇನ್ನೊಬ್ಬನಿಗೆ ತಿಳಿಯದಿದ್ದರೆ ಸಮಾನತೆ ಅಲ್ಲಿಗೇ ಮುಗಿಯಿತು. ಈ ಆಟದಲ್ಲಿ ಕೃತ್ರಿಮವೆಂಬುದು ಬಹುಮಟ್ಟಿಗೆ ಉಪಕರಣದ ದೋಷಕ್ಕಿಂತ ಹೆಚ್ಚಾಗಿ ಆ ದೋಷದ ತಿಳಿವಳಿಕೆಯನ್ನು ಬಚ್ಚಿಟ್ಟುಕೊಳ್ಳುವುದರಲ್ಲಿದೆ. ಮುಂದಿನ ವಿವೇಚನೆಗೆ ಈ ಅಂಶ ಆಧಾರವಾಗಿದೆ.

ಉಪಕರಣದಲ್ಲಿ ಏನೋ ರಹಸ್ಯವಿದೆಯೆಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿಯೇ ಕಾಣಿಸಿಕೊಂಡಿತು. ಇಂಗ್ಲೆಂಡಿನ ಬಾತ್ ನಗರದ ಆಟದ ಮನೆಯೊಂದರಲ್ಲಿ ಅಂಕ ಗುರುತಿಸುತ್ತಿದ್ದ ಜಾಕ್ ಕಾರ್ ಎಂಬಾತ, ಕೋಲಿನ ತುದಿಗೆ ಸೀಮೆಸುಣ್ಣ ಸವರಿ ಚೆಂಡಿಗೆ ಪಕ್ಕದ ತಿರುಗು ಕೊಡುವ ವಿದ್ಯೆಯನ್ನು ಬಲ್ಲವನಾಗಿದ್ದನು. ಈ ಚಮತ್ಕಾರವೆಲ್ಲ ತನ್ನ ಪುಡಿಯ ಮಹಿಮೆಯೆಂದು ಹೇಳಿ ಅವನು ಅದನ್ನು ಸಣ್ಣ ಡಬ್ಬಿಗಳಲ್ಲಿ ತುಂಬಿ ಒಳ್ಳೆಯ ಬೆಲೆಗೆ ಮಾರುತ್ತಿದ್ದನೆಂದೂ, ಅದು ಕೇವಲ ಸಾಮಾನ್ಯ ಸೀಮೆಸುಣ್ಣವೆಂಬುದು ಅನಂತರ ಬಯಲಾಯಿತೆಂದೂ ಆ ಆಟದ ಗ್ರಂಥಗಳಲ್ಲಿ ಪರಂಪರೆಯಾಗಿ ಹೇಳುತ್ತ ಬಂದಿದ್ದಾರೆ. ಕೈಯ ಕೌಶಲವನ್ನು ಜನ ವಸ್ತುವಿನ ಗುಣವೆಂದು ಭಾವಿಸಿದರು. ವಸ್ತುವಿನ ಒಡೆಯ ಆ ಭಾವನೆಯನ್ನು ಹಣವಾಗಿಸಿಕೊಂಡನು. ವಸ್ತುವಿಗೂ ಪ್ರಭಾವವಿಲ್ಲದೆ ಇಲ್ಲ. ೧೮೯೭ರಲ್ಲಿ ಅಮೆರಿಕದ ವಿಲಿಯಂ ಸ್ಪಿಂಕ್ಸ್ ಮತ್ತು ವಿಲಿಯಂ ಹಾಸ್ಕಿನ್ಸ್ ಎಂಬವರು ಹೆಚ್ಚು ಹಿಡಿತವುಳ್ಳ ಹೊಸ ಮಿಶ್ರಣಕ್ಕೆ ಪೇಟೆಂಟ್ ಪಡೆದ ಮೇಲೆ ಹಳೆಯ ಸೀಮೆಸುಣ್ಣ ಮೂಲೆಗೆ ಸರಿಯಿತು.

ಚೆಂಡುಗಳ ವಿಷಯವೂ ಇಂತಹುದೇ. ಆ ಕಾಲದಲ್ಲಿ ಒಳ್ಳೆಯ ಚೆಂಡುಗಳನ್ನು ಆನೆಯ ದಂತದಿಂದ ಕಡೆಯುತ್ತಿದ್ದರು. ದಂತ ಹವೆಯ ತೇವಕ್ಕೆ ಹಿಗ್ಗಿ ಕುಗ್ಗುವಂಥದು. ಒಂದೇ ಚೆಂಡಿನ ಒಂದು ಪಕ್ಕ ಇನ್ನೊಂದಕ್ಕಿಂತ ಭಾರವಾಗಿರುವುದೂ ಉಂಟು. ಇಂತಹ ಚೆಂಡು ನೇರ ಹೊಡೆತಕ್ಕೂ ಸ್ವಲ್ಪ ವಕ್ರವಾಗಿ ಉರುಳುತ್ತದೆ. ಸೋತವನು ಚೆಂಡನ್ನು ಶಂಕಿಸಿದರೆ ಅದು ಕೇವಲ ನೆಪವೆಂದು ತಳ್ಳಿಹಾಕುವಂತಿರಲಿಲ್ಲ. ದಂತ ದುಬಾರಿಯಾಗತೊಡಗಿದಾಗ ನ್ಯೂಯಾರ್ಕಿನ ಫೆಲನ್ ಮತ್ತು ಕಾಲೆಂಡರ್ ಸಂಸ್ಥೆ ಅದಕ್ಕೆ ಬದಲಿ ಪದಾರ್ಥವನ್ನು ಕಂಡುಹಿಡಿದವರಿಗೆ ೧೦,೦೦೦ ಡಾಲರುಗಳ ಬಹುಮಾನವನ್ನು ಘೋಷಿಸಿತು. ಈ ಹುಡುಕಾಟದಲ್ಲಿ ತೊಡಗಿದ ಜಾನ್ ವೆಸ್ಲಿ ಹಯಾಟ್ ೧೮೭೦ರಲ್ಲಿ ಸೆಲ್ಯುಲಾಯ್ಡಿಗೆ ಪೇಟೆಂಟ್ ಪಡೆದನು. ಮಿತವ್ಯಯಕ್ಕಾಗಿ ಹುಟ್ಟಿದ ಕೃತಕ ಚೆಂಡು ಕಾಲಕ್ರಮದಲ್ಲಿ ಆಟಕ್ಕೆ ಬೇರೊಂದು ಉಪಕಾರವನ್ನು ಮಾಡಿತು. ಎಲ್ಲ ಚೆಂಡುಗಳೂ ಒಂದೇ ತೂಕ, ಒಂದೇ ಗಾತ್ರ, ಒಂದೇ ಗುಣದವಾಗಿ, ಸಂಶಯಕ್ಕಿದ್ದ ಒಂದು ದೊಡ್ಡ ಆಸರೆ ಕಳಚಿತು.

ಮೇಜಿನ ಅಳತೆಯ ಬಗೆಗೆ ಎದ್ದ ವಿವಾದ ಇನ್ನೂ ಬೋಧಪ್ರದವಾಗಿದೆ. ಇಂಗ್ಲಿಷ್ ಬಿಲಿಯರ್ಡ್ಸಿನಲ್ಲಿ ಕೆಂಪು ಚೆಂಡನ್ನು ಅದರ ನಿಯತ ಬಿಂದುವಿನಿಂದ ಮೇಲ್ಮೂಲೆಯ ಪಾಕೆಟ್ಟಿಗೆ ಮತ್ತೆ ಮತ್ತೆ ಹಾಕುವ ಹೊಡೆತವೊಂದಿತ್ತು. ಅದನ್ನು ಕರಗತ ಮಾಡಿಕೊಂಡವರು ಎದುರಾಳಿಯನ್ನು ಗಂಟೆಗಟ್ಟಲೆ ಕುರ್ಚಿಯಲ್ಲಿ ಕೂರಿಸಬಲ್ಲವರಾಗಿದ್ದರು. ೧೮೭೦ರ ಫೆಬ್ರವರಿಯಲ್ಲಿ ಲಂಡನಿನಲ್ಲಿ ವಿಲಿಯಂ ಕುಕ್ ಮತ್ತು ಹಿರಿಯ ಜಾನ್ ರಾಬರ್ಟ್ಸ್ ಇವರ ನಡುವೆ ನಡೆದ ಚಾಂಪಿಯನ್ ಪದವಿಯ ಪಂದ್ಯಕ್ಕೆ ಮೂರು ಅಂಗುಲದ ಕಿರಿದಾದ ಪಾಕೆಟ್ಟುಗಳುಳ್ಳ ವಿಶೇಷ ಮೇಜನ್ನು ಏರ್ಪಡಿಸಿ, ಕೆಂಪು ಚೆಂಡಿನ ಬಿಂದುವನ್ನೂ ಮೇಲಂಚಿಗೆ ಹತ್ತಿರ ಸರಿಸಿದರು. ರಾಬರ್ಟ್ಸ್ ೧೮೪೯ರಿಂದಲೂ ಚಾಂಪಿಯನ್ ಎನಿಸಿಕೊಂಡು ಬಂದಿದ್ದವನು; ಆ ಮೇಜಿನ ಮೇಲೆ ಕುಕ್ ೧,೨೦೦ ಅಂಕಗಳನ್ನು ಮುಟ್ಟುವ ವೇಳೆಗೆ ಅವನು ೧,೦೮೩ರಲ್ಲಿದ್ದನು. ಆದರೆ ಪ್ರದರ್ಶನದ ಪಂದ್ಯಗಳು ಅಗಲವಾದ ಪಾಕೆಟ್ಟುಗಳುಳ್ಳ ಸಾಮಾನ್ಯ ಮೇಜುಗಳ ಮೇಲೆಯೇ ನಡೆಯುತ್ತಿದ್ದವು. ೧೮೯೦ರಲ್ಲಿ ಡಬ್ಲ್ಯು. ಜೆ. ಪೀಲ್ ಒಂದೇ ಸರದಿಯಲ್ಲಿ ೩,೩೦೪ ಅಂಕಗಳನ್ನು ಗಳಿಸಿದ್ದು ಬಹುತೇಕ ಈ ಒಂದು ಹೊಡೆತದ ಬಲದಿಂದ. ಎರಡು ಬಗೆಯ ಮೇಜುಗಳಿರುವಲ್ಲಿ ಎರಡು ಬಗೆಯ ದಾಖಲೆಗಳಿರುವುದು ಅನಿವಾರ್ಯ. ಯಾವ ಮೇಜಿನ ಮೇಲೆ ಗಳಿಸಿದ್ದು ಎಂಬ ಪ್ರಶ್ನೆ ಪ್ರತಿಯೊಂದು ದೊಡ್ಡ ಅಂಕದ ಬೆನ್ನಿಗೂ ಬಿದ್ದಿತು. ೧೮೮೫ರಲ್ಲಿ ಸ್ಥಾಪಿತವಾದ ಬಿಲಿಯರ್ಡ್ಸ್ ಅಸೋಸಿಯೇಷನ್ನಿನ ಮುಂದಿದ್ದ ಮುಖ್ಯ ಕಾರ್ಯಗಳಲ್ಲಿ ಮೇಜಿನ ಅಳತೆಯನ್ನು ಏಕರೂಪಗೊಳಿಸುವುದೂ ಒಂದಾಗಿತ್ತು.

ಅಳತೆ ನಿಶ್ಚಿತವಾದ ಮೇಲೂ ಪ್ರಶ್ನೆ ಉಳಿಯಿತು. ೧೯೦೭ರಲ್ಲಿ ಟಾಮ್ ರೀಸ್ ಎರಡು ಚೆಂಡುಗಳನ್ನು ಮೂಲೆಯ ಪಾಕೆಟ್ಟಿನ ಬಾಯಿಯಲ್ಲಿ ಅಲುಗದಂತೆ ನಿಲ್ಲಿಸಿ, ಮೂರನೆಯದರಿಂದ ಅವನ್ನು ಮೃದುವಾಗಿ ತಾಗಿಸುತ್ತ ಹಲವು ವಾರಗಳ ಕಾಲ ಆಡಿ ೪,೯೯,೧೩೫ ಅಂಕಗಳನ್ನು ಕೂಡಿಹಾಕಿದನು. ಇದರಲ್ಲಿ ಮೋಸವೇನೂ ಇರಲಿಲ್ಲ. ಅಂದಿನ ನಿಯಮಕ್ಕೆ ಅದು ವಿರುದ್ಧವೂ ಆಗಿರಲಿಲ್ಲ. ಆದರೂ ಪತ್ರಿಕೆಯವರೂ ಸಾರ್ವಜನಿಕರೂ ಆದ್ಯಂತ ಹಾಜರಿರಲಿಲ್ಲವೆಂಬ ಕಾರಣದಿಂದ ಅದು ಅಧಿಕೃತ ದಾಖಲೆಯಾಗಿ ಮಾನ್ಯವಾಗಲಿಲ್ಲ. ಆ ಹೊಡೆತವನ್ನೂ ಆ ವರ್ಷವೇ ನಿಷೇಧಿಸಿದರು. ಈ ಪ್ರಸಂಗದಲ್ಲಿ ಎರಡು ತತ್ತ್ವಗಳು ಸ್ಪಷ್ಟವಾಗುತ್ತವೆ. ಸಾಕ್ಷಿಗಳಿಲ್ಲದ ಸಾಧನೆ ಸಾಧನೆಯಾಗಿ ನಿಲ್ಲುವುದಿಲ್ಲ; ನಿಯಮಬದ್ಧವಾದದ್ದೆಲ್ಲವನ್ನೂ ಜನ ನ್ಯಾಯವೆಂದು ಒಪ್ಪುವುದಿಲ್ಲ.

ಅಮೆರಿಕದ ಪೂಲ್ ಆಟದ ಸಾಮಾಜಿಕ ಪರಿಸರ ಬೇರೆಯಾಗಿತ್ತು. ಅಲ್ಲಿ ವೃತ್ತಿಪರನ ಜೀವನ ಬಹುಕಾಲ ಬಹುಮಾನಗಳಿಗಿಂತ ಪಣವನ್ನೇ ಅವಲಂಬಿಸಿತ್ತು. ತನ್ನ ನಿಜವಾದ ಸಾಮರ್ಥ್ಯವನ್ನು ಮರೆಮಾಡಿ ಅಪರಿಚಿತರೊಡನೆ ಪಣವೊಡ್ಡಿ ಆಡುವವನಿಗೆ ಹಸ್ಲರ್ ಎಂದು ಹೆಸರು. ಸಮಾಜಶಾಸ್ತ್ರಜ್ಞ ನೆಡ್ ಪೊಲ್ಸ್ಕಿಯವರು ೧೯೬೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹವರ ಜೀವನವನ್ನು ಹತ್ತಿರದಿಂದ ಕಂಡು ವಿವರಿಸಿದ್ದಾರೆ. ಹಸ್ಲರನ ವಂಚನೆಯ ತಿರುಳು ಸಾಮರ್ಥ್ಯವನ್ನು ಅಡಗಿಸುವುದರಲ್ಲಿಯೂ, ಕೆಲವೊಮ್ಮೆ ಒಳಒಪ್ಪಂದದಿಂದ ಬೇಕೆಂದೇ ಸೋಲುವುದರಲ್ಲಿಯೂ ಇರುವುದೆಂಬುದು ಅವರ ವಿವರಣೆಯಿಂದ ತಿಳಿಯುತ್ತದೆ. ಇಲಿನಾಯ್ ಪ್ರಾಂತ್ಯದ ಜಾನ್‌ಸ್ಟನ್ ಸಿಟಿಯಲ್ಲಿ ಜಾನ್ಸ್ಕೊ ಸಹೋದರರು ೧೯೬೧ರಿಂದ ನಡೆಸುತ್ತಿದ್ದ ಪಂದ್ಯಾವಳಿಯಲ್ಲಿ ಇಂತಹ ಆಟಗಾರರು ಬಹಿರಂಗವಾಗಿ ಕೂಡುತ್ತಿದ್ದರು. ೧೯೭೨ರಲ್ಲಿ ಕೇಂದ್ರ ಸರಕಾರದ ಅಧಿಕಾರಿಗಳು ಜೂಜಿನ ಕಾರಣದಿಂದ ಅದರ ಮೇಲೆ ದಾಳಿ ನಡೆಸಿದರು. ಹೀಗೆ ಜೂಜಿನ ಮನೆಯಲ್ಲಿ ಬೆಳೆದ ವೃತ್ತಿ ಪಂದ್ಯಾವಳಿಯ ಬೆಳಕಿಗೆ ಬಂದಾಗ ಪರಸ್ಪರ ಅಪನಂಬಿಕೆಯನ್ನೂ ತನ್ನ ಜೊತೆಗೇ ತಂದಿತು.

ಈ ಅಪನಂಬಿಕೆ ಬಂದು ನೆಲೆಯೂರಿದ ಸ್ಥಾನ ರ‍್ಯಾಕ್. ನೈನ್‌ಬಾಲ್ ಎಂಬ ಪ್ರಕಾರದಲ್ಲಿ ಪ್ರತಿಯೊಂದು ಗೇಮಿನ ಮೊದಲಿಗೆ ಒಂಬತ್ತು ಚೆಂಡುಗಳನ್ನು ವಜ್ರಾಕೃತಿಯಲ್ಲಿ ಜೋಡಿಸುತ್ತಾರೆ. ಒಂದನೆಯದು ಮುಂತುದಿಯಲ್ಲಿ, ಒಂಬತ್ತನೆಯದು ನಡುವೆ. ಬಿಳಿಯ ಚೆಂಡಿನಿಂದ ಈ ಗುಂಪನ್ನು ಒಡೆಯುವುದೇ ಬ್ರೇಕ್. ಒಡೆದಾಗ ಒಂದು ಚೆಂಡಾದರೂ ಪಾಕೆಟ್ಟಿಗೆ ಬಿದ್ದರೆ ಆಟಗಾರನ ಸರದಿ ಮುಂದುವರಿಯುತ್ತದೆ. ನುರಿತವನು ಹಾಗೆಯೇ ಇಡೀ ಗೇಮನ್ನು ಮುಗಿಸಿಬಿಡಬಲ್ಲನು. ಚೆಂಡುಗಳು ಒಂದಕ್ಕೊಂದು ತಾಗಿದ್ದರೆ ಹೊಡೆತದ ಬಲ ಪೂರ್ಣವಾಗಿ ಹರಿದು, ಇಕ್ಕೆಲಗಳ ತುದಿಯ ಚೆಂಡು ಬಹುಮಟ್ಟಿಗೆ ನಿಶ್ಚಿತವಾದ ಹಾದಿಯಲ್ಲಿ ಮೂಲೆಯ ಪಾಕೆಟ್ಟಿನತ್ತ ಸಾಗುತ್ತದೆ. ಕಾಗದದಷ್ಟು ತೆಳುವಾದ ಸಂದಿರುವುದೂ ಆ ಹಾದಿಯನ್ನು ತಪ್ಪಿಸಲು ಸಾಕು. ಪ್ರೇಕ್ಷಕನ ಕಣ್ಣಿಗೆ ಕಾಣದ ಆ ಸಂದಿನಲ್ಲಿ ಪಂದ್ಯದ ಫಲವೇ ಅಡಗಿರಬಹುದು.

ಹಾಗಾದರೆ ಚೆಂಡುಗಳನ್ನು ಯಾರು ಜೋಡಿಸಬೇಕು? ಎದುರಾಳಿ ಜೋಡಿಸಿದರೆ ಅವನು ಬೇಕೆಂದೇ ಸಡಿಲ ಬಿಟ್ಟನೆಂಬ ದೂರು. ಒಡೆಯುವವನೇ ಜೋಡಿಸಿಕೊಂಡರೆ ತನಗೆ ಅನುಕೂಲವಾದೆಡೆ ಸಂದನ್ನಿಟ್ಟನೆಂದೋ, ಚೆಂಡುಗಳ ಕ್ರಮವನ್ನು ಬೇಕಾದಂತೆ ಹೊಂದಿಸಿಕೊಂಡನೆಂದೋ ದೂರು. ಎರಡು ಪದ್ಧತಿಗಳನ್ನೂ ಪ್ರಯೋಗಿಸಿ ನೋಡಿದ್ದಾಯಿತು; ಎರಡರಲ್ಲಿಯೂ ಜೋಡಿಸುವ ಕೈ ಫಲದಲ್ಲಿ ಆಸಕ್ತವಾದ ಕೈಯೇ. ಇಲ್ಲಿ ಚರಿತ್ರಕಾರನಿಗೆ ಒಂದು ತೊಡಕುಂಟು. ಬಟ್ಟೆ ಸವೆದು ಚೆಂಡು ಕೂರುವೆಡೆ ತಗ್ಗು ಬಿದ್ದಿದ್ದರೆ, ಎಷ್ಟು ಪ್ರಾಮಾಣಿಕವಾಗಿ ಜೋಡಿಸಿದರೂ ಸಂದು ಉಳಿದೀತು. ಕೈಯ ದೋಷ ಯಾವುದು, ಬಟ್ಟೆಯ ದೋಷ ಯಾವುದು ಎಂಬುದನ್ನು ವಿಂಗಡಿಸುವ ಸಾಕ್ಷ್ಯ ಮೊದಲ ಹೊಡೆತದೊಡನೆಯೇ ಚದರಿಹೋಗುತ್ತದೆ. ಅಪರಾಧ ನಡೆದಿದ್ದರೆ ಅದರ ಕುರುಹನ್ನು ಅಳಿಸುವುದು ಆಟದ ಮುಂದಿನ ಹೆಜ್ಜೆಯೇ.

ಈ ಇಕ್ಕಟ್ಟಿಗೆ ಪರಿಹಾರವಾಗಿ ಬಂದುವು ಯಾಂತ್ರಿಕ ಸಾಧನಗಳು. ಸಾರ್ಡೊ ಎಂಬ ಹೆಸರಿನ ಬಿಗಿ ರ‍್ಯಾಕ್, ಅನಂತರ ಚೆಂಡುಗಳನ್ನು ತಾನಾಗಿಯೇ ಒತ್ತಾಗಿ ಕೂರಿಸುವ, ರಂಧ್ರಗಳುಳ್ಳ ತೆಳುವಾದ ಪ್ಲಾಸ್ಟಿಕ್ ಹಾಳೆ ಇವು ಬಳಕೆಗೆ ಬಂದುವು. ಸಂದಿನ ದೂರು ಬಹುಮಟ್ಟಿಗೆ ಅಡಗಿತು. ಆದರೆ ಫಲ ನಿರೀಕ್ಷೆಗೆ ವಿಪರೀತವಾಯಿತು. ಎಲ್ಲ ಸಂದುಗಳೂ ಮುಚ್ಚಿದಾಗ ತುದಿಯ ಚೆಂಡಿನ ಹಾದಿ ಪ್ರತಿ ಸಲವೂ ಒಂದೇ ಆಗಿ, ಬಲವಾಗಿ ಒಡೆಯುವ ಅಗತ್ಯವೇ ಇಲ್ಲದಂತಾಯಿತು. ಅಮೆರಿಕದ ಕೋರಿ ಡ್ಯೂಯೆಲ್ ೨೦೦೧ರ ಯು. ಎಸ್. ಓಪನ್ ನೈನ್‌ಬಾಲ್ ಪಂದ್ಯಾವಳಿಯಲ್ಲಿ ಮೃದುವಾದ, ಅಳತೆಗೊಳಿಸಿದ ಬ್ರೇಕಿನಿಂದ ಆಡಿ, ಅಂತಿಮ ಪಂದ್ಯವನ್ನು ೧೧-೦ ಅಂತರದಿಂದ ಗೆದ್ದನು. ಅದರಲ್ಲಿ ನಿಯಮದ ಉಲ್ಲಂಘನೆಯೇನೂ ಇರಲಿಲ್ಲ. ಚೆಂಡುಗಳ ನಡತೆಯನ್ನು ಅವನು ಇತರರಿಗಿಂತ ಸೂಕ್ಷ್ಮವಾಗಿ ಅಭ್ಯಾಸ ಮಾಡಿದ್ದನು. ಆದರೂ ಮೃದು ಬ್ರೇಕ್ ಆಟದ ಧರ್ಮಕ್ಕೆ ತಕ್ಕುದೇ ಎಂಬ ಚರ್ಚೆ ಬಲವಾಗಿ ಎದ್ದಿತು. ಬ್ರೇಕಿನಲ್ಲಿ ಪಾಕೆಟ್ಟಿಗೆ ಬಿದ್ದ ಮತ್ತು ನಿಗದಿತ ಗೆರೆಯನ್ನು ದಾಟಿದ ಚೆಂಡುಗಳು ಸೇರಿ ಕನಿಷ್ಠ ಮೂರಾದರೂ ಇರಬೇಕೆಂಬ ನಿಬಂಧನೆಯನ್ನೂ, ಒಂದನೆಯದರ ಬದಲು ಒಂಬತ್ತನೆಯ ಚೆಂಡನ್ನು ಬಿಂದುವಿನ ಮೇಲಿರಿಸಿ ಇಡೀ ಗುಂಪನ್ನು ಮುಂದಕ್ಕೆ ಸರಿಸುವ ಪದ್ಧತಿಯನ್ನೂ ಮುಂದೆ ಹಲವು ಪಂದ್ಯಾವಳಿಗಳಲ್ಲಿ ಅಳವಡಿಸಿದರು. ಉಪಕರಣ ಅಶುದ್ಧವಾಗಿದ್ದಾಗ ಒಂದು ಬಗೆಯ ಲಾಭವಿದ್ದರೆ, ಶುದ್ಧವಾದಾಗ ಇನ್ನೊಂದು ಬಗೆಯ ಲಾಭ ತಲೆಯೆತ್ತಿತು.

ಸಂಶಯಕ್ಕೂ ಸಿದ್ಧವಾದ ಅಪರಾಧಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ಸೋದರ ಆಟವಾದ ಸ್ನೂಕರಿನಲ್ಲಿ ಪಂದ್ಯದ ಫಲವನ್ನು ಮೊದಲೇ ಗೊತ್ತುಮಾಡಿದ ಆರೋಪದ ಮೇಲೆ ೨೦೧೩ರಲ್ಲಿ ಒಬ್ಬ ಪ್ರಸಿದ್ಧ ಆಟಗಾರನಿಗೆ ೧೨ ವರ್ಷಗಳ ನಿಷೇಧವನ್ನು ವಿಧಿಸಿದರು. ೨೦೨೩ರಲ್ಲಿ ಚೀನದ ೧೦ ಮಂದಿ ಆಟಗಾರರು ದಂಡನೆಗೆ ಒಳಗಾದರು, ಅವರಲ್ಲಿ ಇಬ್ಬರಿಗೆ ಆಜೀವ ನಿಷೇಧ. ಇಂತಹ ಒಳಒಪ್ಪಂದಕ್ಕೆ ಇಬ್ಬರಾದರೂ ಬೇಕು. ಸಂದೇಶ, ಹಣ, ಪಣ ಇವುಗಳಲ್ಲಿ ಯಾವುದಾದರೂ ಒಂದು ಜಾಡನ್ನು ಬಿಟ್ಟುಹೋಗುತ್ತದೆ. ರ‍್ಯಾಕಿನ ಸಂದಿಗೆ ಒಂದು ಬೆರಳು ಸಾಕು, ಜಾಡು ಉಳಿಯುವುದಿಲ್ಲ. ಆದುದರಿಂದ ಮೊದಲನೆಯದರಲ್ಲಿ ತೀರ್ಪುಗಳು ಹೊರಬಿದ್ದರೆ, ಎರಡನೆಯದರಲ್ಲಿ ಬಹುಮಟ್ಟಿಗೆ ಮಾತುಗಳೇ ಉಳಿದಿವೆ. ಈ ಮಾತುಗಳನ್ನು ವ್ಯಕ್ತಿಗಳ ಮೇಲಿನ ಪ್ರಮಾಣವೆಂದು ಸ್ವೀಕರಿಸುವುದು ಅನ್ಯಾಯ. ಅಭ್ಯಾಸದಿಂದ ಗೆದ್ದವನ ಕೀರ್ತಿಗೂ ಅವು ಮಸಿ ಬಳಿಯುತ್ತವೆ. ಆಪಾದಿತನು ತಾನು ನಿರ್ದೋಷಿಯೆಂದು ತೋರಿಸುವ ದಾರಿಯೂ ಅಷ್ಟೇ ಮುಚ್ಚಿಹೋಗಿರುತ್ತದೆ. ಆದರೆ ಆ ಮಾತುಗಳು ನಿರುಪಯುಕ್ತವೆಂದಲ್ಲ. ಆಟಗಾರರು ಯಾವುದನ್ನು ನ್ಯಾಯವೆಂದು ಬಗೆದಿದ್ದರು, ನಿಯಮ ಎಲ್ಲಿ ಅವರ ಬಗೆಗಿಂತ ಹಿಂದೆ ಬಿದ್ದಿತ್ತು ಎಂಬುದಕ್ಕೆ ಅವು ಒಳ್ಳೆಯ ದಾಖಲೆಗಳು.

ಈ ಸಮಸ್ಯೆಯ ತಿರುಳು ನಮ್ಮ ಪ್ರಾಚೀನರಿಗೆ ಅಪರಿಚಿತವಾಗಿರಲಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ದ್ಯೂತವನ್ನು ಕುರಿತ ಪ್ರಕರಣವಿದೆ. ಜೂಜು ಒಂದೇ ಗೊತ್ತಾದ ಸ್ಥಳದಲ್ಲಿ ನಡೆಯಬೇಕು. ಕವಡೆಗಳನ್ನೂ ದಾಳಗಳನ್ನೂ ಅಧ್ಯಕ್ಷನೇ ಶುದ್ಧವಾದವುಗಳನ್ನು ನೋಡಿ ಒದಗಿಸಬೇಕು. ಅವನ್ನು ಬದಲಿಸಿದವನಿಗೆ ೧೨ ಪಣಗಳ ದಂಡ. ಕೂಟವಾಗಿ ಆಡಿದವನಿಗೆ ಇನ್ನೂ ಹೆಚ್ಚಿನ ದಂಡವಲ್ಲದೆ ಗೆದ್ದುದರ ವಶ. ಗೆದ್ದ ಹಣದಲ್ಲಿ ನೂರಕ್ಕೆ ಐದು ಭಾಗವೂ ಉಪಕರಣಗಳ ಬಾಡಿಗೆಯೂ ರಾಜ್ಯಕ್ಕೆ ಸಲ್ಲುತ್ತಿದ್ದವು. ಜೂಜುಗಾರರೆಲ್ಲ ಪ್ರಾಮಾಣಿಕರಾದಾರೆಂಬ ನಿರೀಕ್ಷೆ ಈ ವಿಧಿಗಳಲ್ಲಿ ಎಲ್ಲಿಯೂ ಇಲ್ಲ. ಆಸಕ್ತನಾದವನ ಕೈಯಿಂದ ಉಪಕರಣವನ್ನು ತೆಗೆದು ಅನಾಸಕ್ತನ ಕೈಗೆ ಕೊಡಬೇಕೆಂಬ ವ್ಯಾವಹಾರಿಕ ಬುದ್ಧಿ ಮಾತ್ರ ಇದೆ. ಆದರೆ ಈ ಅನಾಸಕ್ತಿಗೂ ಒಂದು ಮೇರೆಯುಂಟು: ಜೂಜು ಹೆಚ್ಚಿದಷ್ಟೂ ಅಧ್ಯಕ್ಷನ ಬೊಕ್ಕಸಕ್ಕೆ ಲಾಭ.

ವೃತ್ತಿಪರ ಪೂಲ್ ಆಟ ತೀರ್ಪುಗಾರನ ರ‍್ಯಾಕಿಗೂ ಪ್ಲಾಸ್ಟಿಕ್ ಹಾಳೆಗೂ ಬಂದು ಮುಟ್ಟಿದ್ದು ಇದೇ ಹಾದಿಯಲ್ಲಿ. ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸಿದ್ಧಿಸುತ್ತವೆಂದು ನಮಗೆ ತೋರುತ್ತದೆ. ಮೊದಲನೆಯದಾಗಿ, ಉಪಕರಣವನ್ನು ಶುದ್ಧಿಗೊಳಿಸುವುದರಿಂದ ಸಂಶಯ ನಾಶವಾಗುವುದಿಲ್ಲ, ಅದರ ಸ್ಥಾನ ಬದಲಾಗುತ್ತದೆ: ಪುಡಿಯಿಂದ ದಂತಕ್ಕೆ, ದಂತದಿಂದ ಪಾಕೆಟ್ಟಿಗೆ, ಪಾಕೆಟ್ಟಿನಿಂದ ರ‍್ಯಾಕಿಗೆ. ಎರಡನೆಯದಾಗಿ, ಪ್ರತಿಯೊಂದು ಸ್ಥಳಾಂತರದಲ್ಲಿಯೂ ಆಟ ಹಿಂದಿಗಿಂತ ಸ್ವಲ್ಪ ಹೆಚ್ಚು ನ್ಯಾಯವಾಗಿದೆ; ಏಕೆಂದರೆ ಒಬ್ಬನಿಗೆ ಮಾತ್ರ ತಿಳಿದಿದ್ದುದು ಎಲ್ಲರಿಗೂ ತಿಳಿದಿದೆ. ಇಂತಹ ಆಪಾದನೆಗಳನ್ನು ಮುಂದೆ ಪರಿಶೀಲಿಸುವವರು, ಮೋಸ ಮಾಡಿದವರು ಯಾರು ಎಂದು ಕೇಳುವ ಮೊದಲು ಚೆಂಡುಗಳನ್ನು ಜೋಡಿಸಿದ ಕೈ ಯಾರದು, ಅದನ್ನು ನೋಡಿದವರು ಯಾರು ಎಂದು ಕೇಳಿದರೆ ಚರಿತ್ರೆಗೂ ಆಟಗಾರರಿಗೂ ಹೆಚ್ಚು ನ್ಯಾಯ ದೊರೆತೀತು.